ಮಾತ್ರೆ ವಿಷಯ ಮುಚ್ಚಿಟ್ಟು ಸೇನೆಗೆ ಸೇರಬಹುದಾ?

ಬಸವಾಪಟ್ಟಣ, ಚನ್ನಗಿರಿ ಕಡೆ ಬೆಳಗಿನ ಜಾವ ರೋಡಲ್ಲಿ ಓಡೋ ಹುಡುಗ್ರಿಗೆ ಒಂದು ಲೆಕ್ಕ ಬಾಯಿಪಾಠ: 1.6 ಕಿ.ಮೀ., ಐದೂವರೆ ನಿಮಿಷ, 60 ಅಂಕ. ಅಗ್ನಿವೀರ್ ರ‍್ಯಾಲಿಯ ಓಟದ ಬಗ್ಗೆ ಎಲ್ರೂ ಜೋರಾಗೇ ಮಾತಾಡ್ತಾರೆ. ಮೆಲ್ಲಗೆ ಕೇಳೋ ಪ್ರಶ್ನೆ ಬೇರೆ: "ಪಿಯುಸಿಲಿ ಆತಂಕಕ್ಕೆ ಮಾತ್ರೆ ತಗೊಂಡಿದ್ದೆ. ಹೇಳ್ಬೇಕಾ, ಮುಚ್ಚಿಡ್ಬೇಕಾ?" ಇವತ್ತಿನ ಸಂಚಿಕೆ ಅದರ ಮೇಲೆ.

ಮೊದಲು ಪ್ರಕ್ರಿಯೆ. ದಾವಣಗೆರೆ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತೆ. 2023ರಿಂದ ಆನ್‌ಲೈನ್ ಪರೀಕ್ಷೆ ಮೊದಲು, ಆಮೇಲೆ ರ‍್ಯಾಲಿ, ಕೊನೆಗೆ ವೈದ್ಯಕೀಯ ತಪಾಸಣೆ. ಅಲ್ಲಿ ಡಾಕ್ಟರು ಕಣ್ಣು, ಕಿವಿ, ಮಂಡಿ ನೋಡಿ ಬಿಡಲ್ಲ. ನಿಮಗೋ ಮನೆಯವರಿಗೋ ಮಾನಸಿಕ ಕಾಯಿಲೆ ಇತ್ತಾ, ಫಿಟ್ಸ್ ಬಂದಿತ್ತಾ, ನಿದ್ದೆಯಲ್ಲಿ ನಡೆಯೋದು ಉಂಟಾ ಅಂತಲೂ ವಿಚಾರಿಸ್ತಾರೆ. ಮನೆಯಿಂದ ದೂರ, ನಿದ್ದೆಗೆಟ್ಟು, ಬಂದೂಕು ಹಿಡಿದು ಮಾಡೋ ಕೆಲಸ ಇದು. ಸ್ಕಿಜೋಫ್ರೇನಿಯಾ, ಬೈಪೋಲಾರ್, ಫಿಟ್ಸ್ ಇದ್ರೆ ಸಾಮಾನ್ಯವಾಗಿ ಅನರ್ಹ ಅಂತಲೇ ಆಗುತ್ತೆ. ಅನರ್ಹ ಅಂದ್ರೆ ಮಿಲಿಟರಿ ಆಸ್ಪತ್ರೆಯ ತಜ್ಞರಲ್ಲಿ ಮರುಪರೀಕ್ಷೆಗೆ ಅವಕಾಶ ಇದೆ.

ಹಾಗಾದ್ರೆ ಹಳೇ ಚಿಕಿತ್ಸೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಹಿಂದೆ ಚಿಕಿತ್ಸೆ ಪಡೆದಿದ್ರು ಅನ್ನೋ ಒಂದೇ ಕಾರಣಕ್ಕೆ ಈಗ ಕಾಯಿಲೆ ಇದೆ ಅಂತ ತೀರ್ಮಾನಿಸೋ ಹಾಗಿಲ್ಲ. ಆದ್ರೆ ಇದು ಆಯ್ಕೆಯ ಗ್ಯಾರಂಟಿ ಅಲ್ಲ.

ಮುಚ್ಚಿಟ್ರೆ? 1950ರ ಸೇನಾ ಕಾಯ್ದೆಯ ಸೆಕ್ಷನ್ 44 ನೋಡಿ. ಭರ್ತಿ ಫಾರಂನ ಪ್ರಶ್ನೆಗೆ ಬೇಕಂತಲೇ ಸುಳ್ಳು ಉತ್ತರ ಕೊಟ್ಟಿದ್ದು ಸಾಬೀತಾದ್ರೆ ಕೋರ್ಟ್ ಮಾರ್ಷಲ್‌ನಲ್ಲಿ 5 ವರ್ಷದವರೆಗೂ ಜೈಲು. ಅದಕ್ಕಿಂತ ಅಪಾಯ ಇನ್ನೊಂದು: ರ‍್ಯಾಲಿ ಹತ್ತಿರ ಬಂತು ಅಂತ ಮಾತ್ರೆಯನ್ನ ತಟ್ಟನೆ ನಿಲ್ಲಿಸೋದು. ಕಾಯಿಲೆ ಮರುಕಳಿಸಬಹುದು, ಅದೂ ತರಬೇತಿಯ ಒತ್ತಡದ ಮಧ್ಯೆ. ನಿಲ್ಲಿಸೋದಿದ್ರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಸೇರಿದ ಮೇಲೆ ಕಾಯಿಲೆ ಬಂದ್ರೆ ಮಾತು ಬೇರೆ. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಅಸ್ವಸ್ಥತೆ ಇರೋರ ಮೇಲೆ ಶಿಸ್ತುಕ್ರಮ ಹೂಡೋದು ಪರೋಕ್ಷ ತಾರತಮ್ಯ ಅಂತ ಹೇಳಿತು. ಸೇನೆಯೂ ಸುಮ್ಮನಿಲ್ಲ: 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಯೋಧರಿಗಾಗೇ ಟೆಲಿ ಮಾನಸ್ ಘಟಕ ಶುರುವಾಯ್ತು.

"ರೆಕಾರ್ಡ್ ಆಗುತ್ತೆ" ಅಂತ ಹೆದರಿ ಡಾಕ್ಟರ ಹತ್ರಾನೇ ಹೋಗದಿರೋರು ಬಹಳ ಜನ ಇದ್ದಾರೆ. ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿಡೋದು ಕಾನೂನಿನ ಹಕ್ಕು. 'ಮನೋಚೈತನ್ಯ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ. ಹೋಗೋ ಮುಂಚೆ ಒಮ್ಮೆ ವಿಚಾರಿಸಿ. ಬಸ್ಸಿಗೆ ದುಡ್ಡಿಲ್ವಾ, 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಓಟ ನಾಳೆ ಬೆಳಗ್ಗೆ ಮುಂದುವರಿಸಿ, ಮಾತ್ರೇನೂ ಬಿಡಬೇಡಿ.