ನಿದ್ದೆಯ ಬೇರು ಮತ್ತು ಅಲರ್ಜಿಯ ಗುಳಿಗೆ

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ನಡುರಾತ್ರಿ ಮಿತ್ರರೊಬ್ಬರು ದೂರವಾಣಿ ಮಾಡಿದರು. ದಾವಣಗೆರೆಯಿಂದ ಅಮೆರಿಕಕ್ಕೆ ಬಂದು ಹತ್ತು ದಿನವಾಗಿದ್ದ ಅವರ ತಂದೆ ಹಾಸಿಗೆಯಿಂದೆದ್ದು, ಅಂಗಡಿಗೆ ಹೊತ್ತಾಯಿತೆಂದು ಬಾಗಿಲು ತೆಗೆದು ಹೊರಟಿದ್ದರು. ಮಗನ ಗುರುತು ಹತ್ತುತ್ತಿರಲಿಲ್ಲ. ವಯಸ್ಸು 74, ಹಿಂದಿನ ದಿನದವರೆಗೂ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಮನುಷ್ಯ. "ಡಾಕ್ಟ್ರೇ, ಇದು ಅಪ್ಪನಿಗೆ ಮರೆವಿನ ರೋಗದ ಆರಂಭವೇ?" ಎಂದು ಮಿತ್ರರು ಕೇಳಿದರು.

ಆಸ್ಪತ್ರೆಯಲ್ಲಿ ಯಾವ ಔಷಧ ಸೇವಿಸುತ್ತಾರೆ ಎಂದು ವಿಚಾರಿಸಿದಾಗ, ರಕ್ತದೊತ್ತಡದ ಮಾತ್ರೆ ಒಂದೇ ಎಂಬ ಉತ್ತರ ಬಂದಿತ್ತು. ಅದು ಸುಳ್ಳಲ್ಲ. ನಮ್ಮವರ ಎಣಿಕೆಯಲ್ಲಿ ವೈದ್ಯರು ಬರೆದುಕೊಟ್ಟದ್ದು ಮಾತ್ರ ಔಷಧ. ಮಲಗುವ ಮುನ್ನ ಏನೇನು ನುಂಗುತ್ತಾರೆ ಎಂದು ನಾನು ಬೇರೆ ಬಗೆಯಲ್ಲಿ ಕೇಳಿದೆ. ಪರಾಗದಿಂದ ಬರುವ ಸೀನಿಗೆಂದು ಅಂಗಡಿಯಿಂದ ತಂದ ಡೈಫೆನ್‌ಹೈಡ್ರಮಿನ್ ಗುಳಿಗೆ ಎರಡು. ನಿದ್ದೆಗೆಂದು ಊರಿನಿಂದ ಬಂದ ತಗರದ ಚೂರ್ಣ. ಅದು ಸಾಲದೆಂದು ಸೊಸೆ ತಂದುಕೊಟ್ಟ ವಲೇರಿಯನ್ ಕ್ಯಾಪ್ಸೂಲು. ಮೂರೂ ನಾಲ್ಕು ದಿನಗಳಿಂದ ನಡೆದಿತ್ತು. ಪರೀಕ್ಷಿಸಿದಾಗ ಮೂತ್ರಕೋಶ ಬಿರಿಯುವಷ್ಟು ತುಂಬಿತ್ತು. ನಳಿಕೆಯಿಟ್ಟು ಮೂತ್ರ ಹೊರತೆಗೆದು, ಆ ಮೂರನ್ನೂ ನಿಲ್ಲಿಸಿದ ಮೇಲೆ, ಎರಡು ದಿನಗಳಲ್ಲಿ ಹಿರಿಯರು ಮೊದಲಿನಂತಾದರು.

ಆದದ್ದೇನು ಎಂಬುದನ್ನು ತಿಳಿಯಲು ಹಿಸ್ಟಮಿನ್ನಿನ ಎರಡು ಮುಖಗಳನ್ನು ಅರಿಯಬೇಕು. ಮೂಗಿನಲ್ಲಿ ಅದು ಸೀನು, ನೀರು, ತುರಿಕೆಗಳನ್ನು ತರುತ್ತದೆ. ಮಿದುಳಿನಲ್ಲಾದರೋ ಅದು ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕ. ಹೈಪೊಥಲಾಮಸ್ಸಿನ ಒಂದು ಸಣ್ಣ ಜೀವಕೋಶಗುಂಪಿನಿಂದ ಹೊರಟು ಮಿದುಳಿನ ಉದ್ದಗಲಕ್ಕೂ ಹರಡುತ್ತದೆ. 1940ರ ದಶಕದಲ್ಲಿ ಬಳಕೆಗೆ ಬಂದ ಡೈಫೆನ್‌ಹೈಡ್ರಮಿನ್ ಮಿದುಳಿನೊಳಕ್ಕೆ ಸರಾಗವಾಗಿ ನುಗ್ಗುತ್ತದೆ. ಮೂಗಿಗೆಂದು ಕೊಟ್ಟದ್ದು ಎಚ್ಚರವನ್ನೂ ಅಡಗಿಸುತ್ತದೆ. ಈ ಉಪದ್ರವವನ್ನೇ ಗುಣವೆಂದು ಮಾರುವವೇ ಹೆಸರಿನ ಕೊನೆಗೆ 'ಪಿಎಂ' ಎಂದು ಬರೆದಿರುವ ರಾತ್ರಿಯ ನೋವುಗುಳಿಗೆಗಳು. ಇದಲ್ಲದೆ ಅದು ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ಸಂದೇಶವಾಹಕವನ್ನೂ ತಡೆಯುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ಪ್ರಾಸ್ಟೇಟ್ ದೊಡ್ಡದಾಗಿರುವವರಲ್ಲಿ ಮೂತ್ರ ಕಟ್ಟುವುದು, ವೃದ್ಧರಲ್ಲಿ ದಿಕ್ಕುತಪ್ಪಿದಂಥ ಮನೋಭ್ರಮೆ, ಇವೆಲ್ಲ ಆ ಕಡೆಯಿಂದ ಬರುವಂಥವು. ವಯಸ್ಸಾದ ದೇಹ ಇದನ್ನು ಹೊರಹಾಕುವುದೂ ನಿಧಾನ. ಇಂದಿನದು ಕರಗುವ ಮೊದಲೇ ನಾಳೆಯದು ಸೇರುತ್ತದೆ. ಅಮೆರಿಕದ ವೃದ್ಧವೈದ್ಯ ಸಂಘವು ಪ್ರಕಟಿಸುವ 'ಬಿಯರ್ಸ್' ಪಟ್ಟಿಯು 65 ದಾಟಿದವರು ಇಂಥ ಹಳೆಯ ಆಂಟಿಹಿಸ್ಟಮಿನ್‌ಗಳನ್ನು ವರ್ಜಿಸಬೇಕೆನ್ನುವುದು ಈ ಕಾರಣಗಳಿಂದಲೇ.

ಮೂಲಿಕೆಗಳು ಬೇರೆ ಬಾಗಿಲಿನಿಂದ ಪ್ರವೇಶಿಸುತ್ತವೆ. ವಲೇರಿಯನ್ ಬೇರಿನ ಅಂಶಗಳು ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ 'ಗಾಬಾ' ವ್ಯವಸ್ಥೆಗೆ ಒತ್ತಾಸೆ ನೀಡುತ್ತವೆ. ನಮ್ಮ ತಗರವೂ ಅದೇ ಕುಲದ ಸಸ್ಯ. ಆದ್ದರಿಂದ ಮಿತ್ರರ ತಂದೆ ಎರಡು ಹೆಸರಿನಲ್ಲಿ ಹೆಚ್ಚುಕಡಿಮೆ ಒಂದೇ ಬೇರನ್ನು ಎರಡು ಬಾರಿ ಸೇವಿಸುತ್ತಿದ್ದರು. ಜಟಾಮಾಂಸಿ ಇವುಗಳ ಹತ್ತಿರದ ಬಂಧು. ಅಶ್ವಗಂಧದ ಲ್ಯಾಟಿನ್ ಹೆಸರಿನ ಉತ್ತರಾರ್ಧಕ್ಕೆ 'ನಿದ್ದೆ ತರುವುದು' ಎಂದೇ ಅರ್ಥ; ಇದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ, ಥೈರಾಯ್ಡ್ ಮಾತ್ರೆ ಸೇವಿಸುವವರು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಒಂದೆಲಗದ ತಂಬುಳಿ ಉಣ್ಣುವವರನ್ನು ನಾನು ಹೆದರಿಸುತ್ತಿಲ್ಲ. ಊಟದ ಎಲೆಯ ಮೇಲಿನ ಪ್ರಮಾಣಕ್ಕೂ ಕ್ಯಾಪ್ಸೂಲಿನಲ್ಲಿ ಸಾಂದ್ರೀಕರಿಸಿದ ಸಾರಕ್ಕೂ ಬಹಳ ಅಂತರವಿದೆ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಇಂಥವು ಆಹಾರಪೂರಕಗಳು. ಮಾರಾಟಕ್ಕೆ ಮುನ್ನ ಔಷಧದಂತೆ ಸುರಕ್ಷತೆಯನ್ನಾಗಲಿ ಪರಿಣಾಮವನ್ನಾಗಲಿ ಸಾಬೀತುಪಡಿಸಬೇಕಿಲ್ಲ.

ವಲೇರಿಯನ್ ಮತ್ತು ಡೈಫೆನ್‌ಹೈಡ್ರಮಿನ್ ಎರಡನ್ನೂ ಜೊತೆಯಾಗಿ ಕೊಟ್ಟು ನಡೆಸಿದ ದೊಡ್ಡ ಪ್ರಯೋಗಗಳ ಮೇಲೆ ಈ ಎಚ್ಚರಿಕೆ ನಿಂತಿಲ್ಲ. ಎರಡರ ಕಾರ್ಯವಿಧಾನವೂ ಒಂದೇ ದಿಕ್ಕಿನಲ್ಲಿರುವುದರಿಂದ ಅದು ಹುಟ್ಟಿದೆ. ಆರೋಗ್ಯವಂತರಾದ ಮೂವತ್ತರ ಹರೆಯದವರು ಒಮ್ಮೆ ತಿಳಿಯದೆ ಸೇವಿಸಿದರೆ, ಬಹುಮಟ್ಟಿಗೆ ಮರುದಿನ ತಲೆ ಭಾರವಾದೀತು, ಅಷ್ಟೆ. ಆದರೆ ಆ ಮರುದಿನದ ಬೆಳಿಗ್ಗೆ ಕಾರು ಓಡಿಸಬೇಕಲ್ಲ! ಅಯೋವಾದ ಚಾಲನಾ ಅನುಕರಣ ಯಂತ್ರದಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ ಒಂದೇ ಚಾಲನೆಯನ್ನು ಮದ್ಯಕ್ಕಿಂತ ಹೆಚ್ಚು ಕೆಡಿಸಿತು. ತನಗೆಷ್ಟು ತೂಕಡಿಕೆಯಿದೆ ಎಂದು ಚಾಲಕ ಹೇಳಿದ್ದಕ್ಕೂ ಅವನ ಚಾಲನೆ ಕೆಟ್ಟದ್ದಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. "ನನಗೇನೂ ನಿದ್ದೆ ಬರುತ್ತಿಲ್ಲ" ಎಂಬ ಮಾತಿಗೆ ಬೆಲೆ ಕೊಡಲಾಗದು.

ದೇಶಾಂತರದಲ್ಲಿರುವ ನಮಗೆ ಹೆಸರುಗಳದೇ ಇನ್ನೊಂದು ತೊಡಕು. ಬೆನಡ್ರಿಲ್ ಎಂದರೆ ಅಮೆರಿಕದಲ್ಲಿ ಡೈಫೆನ್‌ಹೈಡ್ರಮಿನ್. ಬ್ರಿಟನ್ನಿನ ಅಲರ್ಜಿ ಗುಳಿಗೆಯಲ್ಲಿ ಅದೇ ಹೆಸರಿನ ಅಡಿ ಸೆಟಿರಿಜಿನ್ ಅಥವಾ ಅಕ್ರಿವಾಸ್ಟಿನ್. ಭಾರತದಲ್ಲಿ ಅದು ಕೆಮ್ಮಿನ ಸಿರಪ್, ಅದರೊಳಗೆ ಮತ್ತೆ ಡೈಫೆನ್‌ಹೈಡ್ರಮಿನ್. ಬ್ರಿಟನ್ನಿನಲ್ಲಿ ನೈಟಾಲ್ ಎಂಬ ಒಂದೇ ಹೆಸರಿನಡಿ ಡೈಫೆನ್‌ಹೈಡ್ರಮಿನ್ನಿನ ಗುಳಿಗೆಯೂ ಇದೆ, ವಲೇರಿಯನ್ನಿನದೂ ಇದೆ. ಊರಿನ ಪೆಟ್ಟಿಗೆಯಲ್ಲಿ ಬರುವ ಆವಿಲ್ ಕೂಡ ಹಳೆಯ ಪೀಳಿಗೆಯದೇ. ಆದ್ದರಿಂದ ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರವನ್ನು ಬಿಟ್ಟು, ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಸಕ್ರಿಯ ಅಂಶದ ಹೆಸರನ್ನು ಓದಬೇಕು.

ಸೀನಿಗೆ ಮದ್ದು ಬೇಕಿದ್ದರೆ ಲೊರಾಟಡಿನ್, ಫೆಕ್ಸೊಫೆನಡಿನ್‌ಗಳಿವೆ. ಇವು ಮಿದುಳನ್ನು ಅಷ್ಟಾಗಿ ಹೊಗುವುದಿಲ್ಲ. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಅನೇಕರಿಗೆ ಗುಳಿಗೆಗಿಂತ ಮೇಲು. ನಿದ್ದೆಯ ವಿಷಯದಲ್ಲಿ, ಊರಿನಿಂದ ಬಂದ ಹಿರಿಯರಿಗೆ ಮೊದಲ ವಾರ ಗುಳಿಗೆಗಿಂತ ಬೆಳಗಿನ ಬಿಸಿಲಿನ ನಡಿಗೆ ಹೆಚ್ಚು ಸಹಾಯಕ. ಮದ್ಯ, ಆತಂಕಕ್ಕೆ ಬರೆದುಕೊಟ್ಟ ಮಾತ್ರೆ, ಕೊಡೀನಿನಂಥ ನೋವುಶಾಮಕ, ಇವುಗಳಲ್ಲಿ ಯಾವುದೊಂದು ಈ ಜೋಡಿಗೆ ಸೇರಿದರೂ ಅಪಾಯ ಬೇರೆಯೇ ಮಟ್ಟದ್ದು, ಉಸಿರಾಟವೇ ಕುಂದಬಹುದು. ಗಾಢ ಗೊರಕೆ, ನಿಧಾನವಾದ ಉಸಿರು, ಅಲುಗಿಸಿದರೂ ಏಳದ ಸ್ಥಿತಿ ಕಂಡರೆ, ನಿದ್ದೆ ತಿಳಿಯಲಿ ಎಂದು ಕಾಯದೆ ತುರ್ತು ವಾಹನವನ್ನು ಕರೆಯಿರಿ. ಸೇವಿಸಿದ ಡಬ್ಬಿಗಳನ್ನೆಲ್ಲ, ಊರಿನ ಚೂರ್ಣದ ಪೊಟ್ಟಣವನ್ನೂ ಸೇರಿಸಿ, ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ.