ಕಲಬುರಗಿ ಜಿಲ್ಲೆಯ ಸಿಮೆಂಟ್ ಉದ್ದಿಮೆ ಮತ್ತು ಸಂಪನ್ಮೂಲ ಯೋಜನಾ ತಂತ್ರಾಂಶ: ಅಳವಡಿಕೆಯ ಕ್ರಮ ಹಾಗೂ ಸಮಸ್ಯೆಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರವು ಭೀಮಾ ಜಲಾನಯನ ಶಿಲಾಸ್ತರಕ್ಕೆ ಸೇರಿದ ಸುಣ್ಣಕಲ್ಲಿನ ನೆಲವಾಗಿದೆ. ಮನೆಯ ನೆಲಹಾಸಿಗೆ ಬಳಕೆಯಾಗುವ ಶಹಾಬಾದ್ ಕಲ್ಲಿನಿಂದ ಹೆಸರಾದ ಈ ಭಾಗ ಕಳೆದ ಒಂದು ಶತಮಾನದಲ್ಲಿ ರಾಜ್ಯದ ಪ್ರಮುಖ ಸಿಮೆಂಟ್ ವಲಯವಾಗಿ ಬೆಳೆದಿದೆ. ಕಲ್ಲು ಒಡೆಯುವ, ಸುಡುವ, ಅರೆಯುವ ಯಂತ್ರಗಳ ಚರಿತ್ರೆಯ ಜೊತೆಯಲ್ಲಿಯೇ ಇಲ್ಲಿ ಇನ್ನೊಂದು ಚರಿತ್ರೆಯೂ ನಡೆದಿದೆ. ಅದು ಲೆಕ್ಕದ ಚರಿತ್ರೆ. ದಪ್ಪ ರಟ್ಟಿನ ದಾಸ್ತಾನು ಪುಸ್ತಕದಿಂದ ಗಣಕದ ಪರದೆಗೆ ಈ ಲೆಕ್ಕವು ಸಾಗಿದ ಬಗೆಯನ್ನೂ, ಅದರಿಂದ ಉಂಟಾದ ಲಾಭ ಮತ್ತು ತೊಡಕುಗಳನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉದ್ದಿಮೆಯ ಹಿನ್ನೆಲೆ

ನಿಜಾಮ್ ಸಂಸ್ಥಾನದ ರೈಲುಮಾರ್ಗವು ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ಮೂಲಕ ಸಿಕಂದರಾಬಾದಿಗೆ 1874ರಲ್ಲಿ ತೆರೆದುಕೊಂಡದ್ದು ಈ ಭಾಗದ ಕೈಗಾರಿಕೆಗೆ ಅಡಿಪಾಯವಾಯಿತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ತಯಾರಿಕೆ ಆರಂಭವಾಯಿತು. 1936ರಲ್ಲಿ ಹಲವು ಕಂಪನಿಗಳು ಒಂದುಗೂಡಿ ಎ.ಸಿ.ಸಿ. ಸಂಸ್ಥೆಯಾದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ ಕೆಲಸ ಪ್ರಾರಂಭಿಸಿತು. 1980ರ ದಶಕದಲ್ಲಿ ಮಳಖೇಡದ ರಾಜಶ್ರೀ ಸಿಮೆಂಟ್ ಮತ್ತು ಸೇಡಮ್ಮಿನ ವಾಸವದತ್ತಾ ಸಿಮೆಂಟ್ ಬಂದವು. 2010ರ ನಂತರದ ದಶಕದಲ್ಲಿ ಚಿಂಚೋಳಿ ತಾಲ್ಲೂಕಿನ ಛತ್ರಸಾಲ ಮತ್ತು ಸಂಗೇಮ್, ಚಿತ್ತಾಪುರ ತಾಲ್ಲೂಕಿನ ಇಟಗಾ, ಸೇಡಂ ತಾಲ್ಲೂಕಿನ ಕೊಡ್ಲಾ ಗ್ರಾಮಗಳಲ್ಲಿ ಹೊಸ ಕಾರ್ಖಾನೆಗಳು ತಲೆಯೆತ್ತಿದವು.

ಸಿಮೆಂಟಿನ ಬೆಲೆ ಮತ್ತು ಹಂಚಿಕೆ ಬಹುಕಾಲ ಸರಕಾರದ ನಿಯಂತ್ರಣದಲ್ಲಿದ್ದವು. ಈ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಸಂಪೂರ್ಣವಾಗಿ ತೆರವಾಯಿತು. ತಯಾರಿಸಿದ್ದೆಲ್ಲ ಮಾರಾಟವಾಗುತ್ತಿದ್ದ ಕಾಲದಲ್ಲಿ ತಿಂಗಳ ಕೊನೆಗೆ ಲೆಕ್ಕ ಸಿಕ್ಕರೆ ಸಾಕಾಗುತ್ತಿತ್ತು. ಸ್ಪರ್ಧೆ ಬಂದ ಮೇಲೆ, ಇಂದಿನ ಉತ್ಪಾದನಾ ವೆಚ್ಚವನ್ನು ನಾಳೆ ಬೆಳಿಗ್ಗೆಯೇ ತಿಳಿಯುವುದು ಅನಿವಾರ್ಯವಾಯಿತು. ಆಡಳಿತ ಕಚೇರಿ ಮುಂಬಯಿಯಲ್ಲೋ ಕೋಲ್ಕತ್ತದಲ್ಲೋ ಇದ್ದು, ಕಾರ್ಖಾನೆ ಕಾಗಿಣಾ ನದಿಯ ಬಯಲಿನಲ್ಲಿದ್ದ ಕಂಪನಿಗಳಿಗೆ ಈ ಅಗತ್ಯ ಇನ್ನಷ್ಟು ತೀವ್ರವಾಗಿತ್ತು.

ಪರಿಕಲ್ಪನೆಯ ಬೆಳವಣಿಗೆ

ಉದ್ಯಮ ಸಂಪನ್ಮೂಲ ಯೋಜನೆ, ಅಂದರೆ ಇ.ಆರ್.ಪಿ., ಎಂಬ ಹೆಸರು 1990ರ ಸುಮಾರಿಗೆ ಬಳಕೆಗೆ ಬಂದಿತು. ಇದರ ಮೂಲ 1960ರ ದಶಕದ ಸಾಮಗ್ರಿ ಬೇಡಿಕೆ ಯೋಜನೆಯಲ್ಲಿದೆ. ಒಂದು ವಸ್ತುವನ್ನು ತಯಾರಿಸಲು ಯಾವ ಭಾಗ, ಎಷ್ಟು, ಯಾವಾಗ ಬೇಕು ಎಂಬುದನ್ನು ಗಣಕದಿಂದ ಲೆಕ್ಕ ಹಾಕಿಸುವುದು ಅದರ ಗುರಿಯಾಗಿತ್ತು. ಖರೀದಿ, ಉಗ್ರಾಣ, ಉತ್ಪಾದನೆ, ಯಂತ್ರ ನಿರ್ವಹಣೆ, ಮಾರಾಟ ಹಾಗೂ ಹಣಕಾಸು ವಿಭಾಗಗಳೆಲ್ಲವನ್ನೂ ಒಂದೇ ದತ್ತಾಂಶ ಭಂಡಾರಕ್ಕೆ ಜೋಡಿಸಿದಾಗ ಅದು ಇ.ಆರ್.ಪಿ. ಆಯಿತು. 1972ರಲ್ಲಿ ಜರ್ಮನಿಯಲ್ಲಿ ಸ್ಥಾಪನೆಯಾದ ಎಸ್.ಎ.ಪಿ. ಸಂಸ್ಥೆಯು 1992ರಲ್ಲಿ ಹೊರತಂದ ಆರ್/3 ಎಂಬ ತಂತ್ರಾಂಶ ಈ ಪದ್ಧತಿಯನ್ನು ಜಗತ್ತಿನಾದ್ಯಂತ ಹರಡಿತು. ಭಾರತದಲ್ಲಿ ಇಂಥ ತಂತ್ರಾಂಶವನ್ನು ಮೊದಲು ರೂಪಿಸಿದವರಲ್ಲಿ ಒಂದಾದ ಚೆನ್ನೈನ ರ್‍ಯಾಮ್ಕೋ ಸಿಸ್ಟಮ್ಸ್, ಸಿಮೆಂಟ್ ತಯಾರಿಸುವ ಉದ್ಯಮ ಸಮೂಹಕ್ಕೇ ಸೇರಿದ್ದೆಂಬುದು ಗಮನಾರ್ಹ.

ಈ ಪದ್ಧತಿಯ ತಿರುಳು ಸರಳವಾದುದು. ಒಂದು ಘಟನೆಯನ್ನು ಒಮ್ಮೆ, ಅದು ನಡೆದ ಸ್ಥಳದಲ್ಲಿಯೇ ದಾಖಲಿಸಬೇಕು. ಉಳಿದ ವಿಭಾಗಗಳು ಅದೇ ದಾಖಲೆಯನ್ನು ಬಳಸಬೇಕು. ಕಲ್ಲಿದ್ದಲಿನ ರೇಕು ಬಂದಿಳಿದಾಗ ಹಳೆಯ ಪದ್ಧತಿಯಲ್ಲಿ ಉಗ್ರಾಣ, ಪ್ರಯೋಗಾಲಯ, ಲೆಕ್ಕಪತ್ರ ವಿಭಾಗಗಳು ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುತ್ತಿದ್ದವು. ತಿಂಗಳ ಕೊನೆಯಲ್ಲಿ ಮೂರೂ ತಾಳೆಯಾಗುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಸ್ವೀಕೃತಿಯನ್ನು ದಾಖಲಿಸಿದ ಕ್ಷಣದಲ್ಲಿಯೇ ದಾಸ್ತಾನು ಏರುತ್ತದೆ, ಪೂರೈಕೆದಾರನಿಗೆ ಕೊಡಬೇಕಾದ ಬಾಕಿ ಲೆಕ್ಕಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ.

ಸಿಮೆಂಟಿನ ವಿಶಿಷ್ಟ ಸಮಸ್ಯೆ

ಬಿಡಿ ಭಾಗಗಳನ್ನು ಜೋಡಿಸುವ ಕಾರ್ಖಾನೆಗೆ ಹೊಂದುವ ಲೆಕ್ಕ ಸಿಮೆಂಟಿಗೆ ನೇರವಾಗಿ ಹೊಂದುವುದಿಲ್ಲ. ಮೋಟಾರು ವಾಹನಕ್ಕೆ ನಾಲ್ಕು ಚಕ್ರವೆಂದರೆ ನಾಲ್ಕೇ. ಸಿಮೆಂಟಿನಲ್ಲಿ ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಆದರೆ ಈ ಪ್ರಮಾಣ ಕಲ್ಲಿನ ಗುಣಕ್ಕೆ ತಕ್ಕಂತೆ ಬದಲಾಗುತ್ತದೆ. ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಕಲ್ಲಿನ ತೂಕದ ಗಣನೀಯ ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟಿನಲ್ಲಿ ಈ ನಷ್ಟ ನೂರಕ್ಕೆ 44 ಭಾಗ.

ತೇವಾಂಶದ ಲೆಕ್ಕ ಇನ್ನೂ ಸೂಕ್ಷ್ಮ. ಮಳೆಗಾಲದಲ್ಲಿ 10,000 ಟನ್ ಕಲ್ಲು ನೂರಕ್ಕೆ 5ರಷ್ಟು ನೀರಿನೊಡನೆ ಬಂದರೆ ಒಣತೂಕ 9,500 ಟನ್ ಮಾತ್ರ. ಸ್ವೀಕೃತಿಯನ್ನು ಹಸಿತೂಕದಲ್ಲಿಯೂ ಬಳಕೆಯನ್ನು ಒಣತೂಕದಲ್ಲಿಯೂ ದಾಖಲಿಸಿದರೆ, ಯಾರೂ ಕದಿಯದ 500 ಟನ್ ಕಲ್ಲು ಗಣಕದಲ್ಲಿ ರಾಶಿಯಾಗಿ ಉಳಿಯುತ್ತದೆ, ನೆಲದ ಮೇಲೆ ಇರುವುದಿಲ್ಲ. ಆದ್ದರಿಂದ ರಾಶಿಗಳನ್ನು ಕಾಲಕಾಲಕ್ಕೆ ಅಳೆದು, ಪುಸ್ತಕದ ಲೆಕ್ಕವನ್ನು ನೆಲದ ಲೆಕ್ಕಕ್ಕೆ ಹೊಂದಿಸುವುದು ಇಲ್ಲಿ ತಪ್ಪದ ಕೆಲಸ. ಗಣಿಯಿಂದ ಹೊರಟ ಕಲ್ಲಿಗೆ ಟನ್ನಿನ ಲೆಕ್ಕದಲ್ಲಿ ರಾಜಧನ ತೆರಬೇಕಾಗಿರುವುದರಿಂದ ವೇಬ್ರಿಜ್ಜಿನ ಅಂಕಿಗೆ ಕಾನೂನಿನ ಮಹತ್ವವೂ ಇದೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲುವ ವಂತಿಗೆಯೂ ಇದೇ ರಾಜಧನವನ್ನು ಆಧರಿಸಿದೆ. ಗಣಿಯ ಸುತ್ತಲಿನ ಹಳ್ಳಿಗಳ ಶಾಲೆ, ಕುಡಿಯುವ ನೀರಿನ ಕಾಮಗಾರಿಗಳಿಗೆ ದೊರೆಯಬೇಕಾದ ಹಣ ಹೀಗೆ ಒಂದು ತೂಕದ ಚೀಟಿಯನ್ನು ಅವಲಂಬಿಸಿದೆ.

ಅಳವಡಿಕೆಯ ಹಂತಗಳು

ಅಳವಡಿಕೆಯು ಸಾಮಾನ್ಯವಾಗಿ ಐದು ಹಂತಗಳಲ್ಲಿ ನಡೆಯುತ್ತದೆ: ಇರುವ ಕಾರ್ಯವಿಧಾನದ ಅಧ್ಯಯನ, ಹೊಸ ವಿಧಾನದ ರೂಪರೇಷೆ, ತಂತ್ರಾಂಶದ ಹೊಂದಾಣಿಕೆ, ಪರೀಕ್ಷೆ ಮತ್ತು ತರಬೇತಿ, ಕೊನೆಗೆ ಹಳೆಯ ಲೆಕ್ಕವನ್ನು ಮುಚ್ಚಿ ಹೊಸದನ್ನು ತೆರೆಯುವುದು. ಇವುಗಳಲ್ಲಿ ಅತ್ಯಂತ ಶ್ರಮದಾಯಕವಾದುದು ಮೂಲ ದತ್ತಾಂಶದ ಶುದ್ಧೀಕರಣ. ಸಿಮೆಂಟ್ ಕಾರ್ಖಾನೆಯ ಉಗ್ರಾಣದಲ್ಲಿ ಬಿಡಿಭಾಗಗಳ ಬಗೆಗಳು ಸಾವಿರಗಟ್ಟಲೆ. ಒಂದೇ ವಸ್ತು ಒಂದು ಕಡೆ ‘22220 ಬೇರಿಂಗ್’ ಎಂದೂ ಮತ್ತೊಂದು ಕಡೆ ‘100 ಮಿ.ಮೀ. ರೋಲರ್ ಬೇರಿಂಗ್’ ಎಂದೂ ದಾಖಲಾಗಿದ್ದರೆ ಗಣಕಕ್ಕೆ ಅವು ಎರಡು ವಸ್ತುಗಳು. ಒಂದರ ದಾಸ್ತಾನು ಶೂನ್ಯವೆಂದು ಕಂಡೊಡನೆ ಹೊಸ ಖರೀದಿಗೆ ಬೇಡಿಕೆ ಹೊರಡುತ್ತದೆ. ಇನ್ನೊಂದರ ಹೆಸರಿನಲ್ಲಿ ಅದೇ ಬೇರಿಂಗ್ ಕಪಾಟಿನಲ್ಲಿ ಕುಳಿತಿರುತ್ತದೆ. ಇವೆರಡೂ ಒಂದೇ ಎಂಬುದು ಹಳೆಯ ಉಗ್ರಾಣಪಾಲಕನಿಗೆ ಗೊತ್ತಿತ್ತು. ಆ ಅರಿವು ಪುಸ್ತಕದಲ್ಲಿರಲಿಲ್ಲ, ಅವನ ನೆನಪಿನಲ್ಲಿತ್ತು. ಸಂಕೇತ ಸಂಖ್ಯೆ ಕೊಡುವ ಸಮಯದಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ, ಹೊರಗಿನಿಂದ ಬಂದ ಸಲಹೆಗಾರರಿಗೆ ಮಾತ್ರ ಈ ಕೆಲಸ ಒಪ್ಪಿಸಿದಲ್ಲಿ, ಅವನ ನಿವೃತ್ತಿಯೊಡನೆ ಆ ಅರಿವೂ ಕಾರ್ಖಾನೆಯನ್ನು ಬಿಟ್ಟುಹೋಗುತ್ತದೆ.

ರವಾನೆಯ ವಿಭಾಗದಲ್ಲಿ ದೋಷದ ಪರಿಣಾಮ ತಕ್ಷಣ ಕಾಣುತ್ತದೆ. ಖಾಲಿ ಲಾರಿಯ ತೂಕ, 50 ಕಿಲೋಗ್ರಾಂ ಚೀಲಗಳ ಎಣಿಕೆ, ತುಂಬಿದ ಲಾರಿಯ ತೂಕ, ಬಿಲ್ಲು ಇವು ಒಂದಕ್ಕೊಂದು ಕೊಂಡಿಯಾಗಿವೆ. 2005ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆ ಬಂದ ಮೌಲ್ಯವರ್ಧಿತ ತೆರಿಗೆ, 2017ರ ಜುಲೈನ ಸರಕು ಮತ್ತು ಸೇವಾ ತೆರಿಗೆ, 2018ರ ಇ-ವೇ ಬಿಲ್ ಇವುಗಳ ನಂತರ ಗಣಕದ ದಾಖಲೆಯಿಲ್ಲದೆ ಲಾರಿ ದ್ವಾರ ದಾಟುವುದು ಕಷ್ಟಸಾಧ್ಯವಾಗಿದೆ. ಸಂಪರ್ಕ ಕಡಿದ ದಿನ ದ್ವಾರದ ಹೊರಗೆ ಲಾರಿಗಳ ಸಾಲು ಬೆಳೆಯುತ್ತದೆ, ಚಾಲಕನ ದಿನದ ದುಡಿಮೆ ಕೈತಪ್ಪುತ್ತದೆ. ಅಮೆರಿಕದ ಹರ್ಷೀಸ್ ಮಿಠಾಯಿ ಕಂಪನಿ 1999ರಲ್ಲಿ ಅವಸರದಿಂದ ಹೊಸ ವ್ಯವಸ್ಥೆಗೆ ಬದಲಾಯಿಸಿ, ಸರಕು ಗೋದಾಮಿನಲ್ಲಿದ್ದರೂ ಹಬ್ಬದ ಕಾಲದಲ್ಲಿ ಅಂಗಡಿಗಳಿಗೆ ತಲುಪಿಸಲಾರದೆ ಹೋದ ಪ್ರಸಂಗ ಇದಕ್ಕೆ ಪ್ರಸಿದ್ಧ ನಿದರ್ಶನ.

ದುಡಿಮೆಗಾರರ ಸ್ಥಾನ

ತಂತ್ರಾಂಶದ ರಚನೆಯಲ್ಲಿಯೇ ಅಡಗಿರುವ ಒಂದು ಸಾಮಾಜಿಕ ಪ್ರಶ್ನೆ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಖಾಯಂ ನೌಕರನಿಗೆ ಸಿಬ್ಬಂದಿ ವಿಭಾಗದಲ್ಲಿ ಹೆಸರು, ಸಂಖ್ಯೆ, ರಜೆ, ವೇತನಗಳ ದಾಖಲೆಯಿರುತ್ತದೆ. ಚೀಲ ತುಂಬುವ, ಲೋಡು ಮಾಡುವ, ಗೂಡಿನ ದುರಸ್ತಿಯಲ್ಲಿ ಇಟ್ಟಿಗೆ ಬಿಚ್ಚುವ ಗುತ್ತಿಗೆ ಕಾರ್ಮಿಕನು ಸಾಮಾನ್ಯವಾಗಿ ಖರೀದಿ ವಿಭಾಗದ ಮೂಲಕ ಒಳಬರುತ್ತಾನೆ. ಅಲ್ಲಿ ಅವನ ದುಡಿಮೆ ‘ಸೇವೆ’ ಎಂಬ ಸರಕು. ಅಳತೆ ಟನ್ನು ಅಥವಾ ಪಾಳಿ. ಅವನ ಹೆಸರು ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿಯೂ ದ್ವಾರದ ಪಾಸಿನಲ್ಲಿಯೂ ಉಳಿಯುತ್ತದೆ. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಈ ಹೊಣೆಯನ್ನು ನಿಭಾಯಿಸಬೇಕಾದರೆ ದ್ವಾರದ ಹಾಜರಿ, ಭವಿಷ್ಯನಿಧಿಯ ಪಾವತಿ ಹಾಗೂ ಗುತ್ತಿಗೆದಾರನ ಬಿಲ್ಲು ಮೂರೂ ಒಂದಕ್ಕೊಂದು ತಾಳೆಯಾದ ಮೇಲೆಯೇ ಹಣ ಬಿಡುಗಡೆಯಾಗುವಂತೆ ತಂತ್ರಾಂಶವನ್ನು ಹೊಂದಿಸಬೇಕು. ತಂತ್ರಜ್ಞಾನಕ್ಕೆ ಇದು ಸಾಧ್ಯವಿದೆ. ಮಾಡುವುದೂ ಬಿಡುವುದೂ ಆಡಳಿತದ ಇಚ್ಛೆ.

ಭಾಷೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಕನ್ನಡ, ಉರ್ದು, ತೆಲುಗು, ಮರಾಠಿ ಬೆರೆತ ಈ ನೆಲದಲ್ಲಿ ಪಾಳಿಯ ಮಾತು ಒಂದು, ಪರದೆಯ ಮಾತು ಇನ್ನೊಂದು. ಯಂತ್ರ ಏಕೆ ನಿಂತಿತೆಂಬುದನ್ನು ಫಿಟ್ಟರ್ ತನ್ನ ಮಾತಿನಲ್ಲಿ ನಿಖರವಾಗಿ ಹೇಳಬಲ್ಲ. ಇಂಗ್ಲಿಷಿನ ಸಿದ್ಧ ಪಟ್ಟಿಯಿಂದ ಕಾರಣ ಆರಿಸಬೇಕಾದಾಗ ‘ಇತರೆ’ ಎಂಬುದನ್ನು ಒತ್ತಿಬಿಡುವ ಸಂಭವವೇ ಹೆಚ್ಚು. ಹಾಗಾದಾಗ ವರ್ಷದ ಕೊನೆಯಲ್ಲಿ ನಿರ್ವಹಣಾ ವಿಭಾಗಕ್ಕೆ ಅಂಕಿಗಳು ಸಿಗುತ್ತವೆ, ಕಾರಣಗಳು ಸಿಗುವುದಿಲ್ಲ.

ಮಾಲೀಕತ್ವದ ಬದಲಾವಣೆ

ರಾಜಶ್ರೀ ಘಟಕ 2010ರಲ್ಲಿ ಅಲ್ಟ್ರಾಟೆಕ್ ಸಂಸ್ಥೆಗೆ ಸೇರಿತು. ಎ.ಸಿ.ಸಿ. 2022ರಲ್ಲಿ ಅದಾನಿ ಸಮೂಹದ ಒಡೆತನಕ್ಕೆ ಬಂದಿತು. ವಾಸವದತ್ತಾ ಘಟಕವನ್ನೊಳಗೊಂಡ ಕೇಸೊರಾಮ್ ಸಿಮೆಂಟ್ ವ್ಯವಹಾರ 2025ರ ಮಾರ್ಚ್‌ನಲ್ಲಿ ಅಲ್ಟ್ರಾಟೆಕ್‌ಗೆ ಸೇರಿತು. ಇಟಗಾದ ಓರಿಯಂಟ್ ಸಿಮೆಂಟ್ ಅದೇ ವರ್ಷ ಅಂಬುಜಾ ಸಂಸ್ಥೆಯ ವಶವಾಯಿತು. ಇಂತಹ ಹಸ್ತಾಂತರಗಳಲ್ಲಿ ಗೂಡು, ಗಣಿ ಸ್ಥಳ ಬದಲಿಸುವುದಿಲ್ಲ, ಬದಲಾಗಬೇಕಾದುದು ಲೆಕ್ಕ. ಸಾಮಗ್ರಿಯ ಸಂಕೇತ, ಪೂರೈಕೆದಾರರ ಪಟ್ಟಿ, ಮಂಜೂರಾತಿಯ ಅಧಿಕಾರ ಇವನ್ನೆಲ್ಲ ಹೊಸ ಒಡೆಯರ ಮಾದರಿಗೆ ಹೊಂದಿಸಬೇಕಾಗುತ್ತದೆ. ಸ್ಥಳೀಯ ಸಣ್ಣ ಪೂರೈಕೆದಾರನ ಹೆಸರು ಹೊಸ ಪಟ್ಟಿಗೆ ಬರುವುದು ತಡವಾದರೆ ಅವನಿಗೆ ಸಲ್ಲಬೇಕಾದ ಹಣವೂ ತಡವಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು: ಕೇಂದ್ರ ಕಚೇರಿಯ ಪರದೆಯ ಮೇಲಿನ ವರದಿಯು ವೇಬ್ರಿಜ್ಜಿನ ಗುಮಾಸ್ತ, ಉಗ್ರಾಣದ ಸಹಾಯಕ, ಪಾಳಿಯ ಫಿಟ್ಟರ್ ದಾಖಲಿಸಿದ ಅಂಕಿಯಷ್ಟೇ ಸತ್ಯವಾಗಿರಬಲ್ಲದು. ಅಳವಡಿಕೆಯ ವೆಚ್ಚದಲ್ಲಿ ಪರವಾನಗಿ ಮತ್ತು ಯಂತ್ರಗಳಿಗೆ ಸಲ್ಲುವ ಗಮನ ಈ ಜನರ ತರಬೇತಿಗೂ, ಅವರ ಭಾಷೆಗೂ, ಅವರ ಅನುಭವದ ದಾಖಲೆಗೂ ಸಲ್ಲಬೇಕು. ಹಳೆಯ ದಾಸ್ತಾನು ಪುಸ್ತಕಗಳು, ಪಾಳಿಯ ದಿನಚರಿಗಳು ರದ್ದಿಗೆ ಹೋಗುವ ಮೊದಲು ಅವುಗಳನ್ನು ಸಂಗ್ರಹಿಸಿಡುವುದು ಈ ಭಾಗದ ಗ್ರಂಥಾಲಯಗಳ ಹಾಗೂ ವಿಶ್ವವಿದ್ಯಾಲಯಗಳ ಹೊಣೆಯಾಗಿದೆ. ಕಲಬುರಗಿಯ ಕೈಗಾರಿಕಾ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಅವು ಅಮೂಲ್ಯ ಆಕರಗಳಾಗಲಿವೆ.