ಹಳೆಯ ಅಗ್ಗಿಷ್ಟಿಕೆಗೆ ವಿದ್ಯುತ್ತಿನ ಬೆಂಕಿ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್, ಮ್ಯಾಂಚೆಸ್ಟರ್, ಲೀಡ್ಸ್ ಮೊದಲಾದ ಪಟ್ಟಣಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಸಾಲುಸಾಲಾಗಿ ಕಟ್ಟಿದ ಇಟ್ಟಿಗೆಯ ಮನೆಗಳನ್ನು ಹೊಕ್ಕರೆ, ನಡುಮನೆಯಲ್ಲಿ ಮಾತ್ರವಲ್ಲದೆ ಮಲಗುವ ಕೋಣೆಗಳಲ್ಲಿಯೂ ಎರಕದ ಕಬ್ಬಿಣದ ಕಮಾನು, ಅದರ ಮೇಲೊಂದು ಹಲಗೆ, ಕೆಂಡ ಸಿಡಿದರೂ ನೆಲ ಸುಡದಂತೆ ಮುಂದೆ ಹಾಸಿದ ಕಲ್ಲು, ಇವುಗಳಿಂದ ಸಜ್ಜಾದ ಅಗ್ಗಿಷ್ಟಿಕೆಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ಉರಿಯುತ್ತಿದ್ದ ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲು ಚಿಮಣಿಯ ಮೂಲಕ ಆಕಾಶದ ಪಾಲಾಗುತ್ತಿತ್ತು. ಚಿಮಣಿಯ ಕಂಠವನ್ನು ಕಿರಿದುಮಾಡಿ ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಬೇಕೆಂದು ವಿಜ್ಞಾನಿ ಕೌಂಟ್ ರಂಫರ್ಡನು 1796ರಲ್ಲಿ ಬೋಧಿಸಿದ ಉಪಾಯದಿಂದ ಹೊಗೆಯ ಉಪದ್ರವ ತಗ್ಗಿ ಶಾಖ ಹೆಚ್ಚಿತಾದರೂ, ನಷ್ಟ ಪೂರ್ಣವಾಗಿ ನಿಲ್ಲಲಿಲ್ಲ. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಕವಿದ ಹೊಗೆಮಂಜು ಸಾವಿರಾರು ಜನರ ಪ್ರಾಣಹರಣ ಮಾಡಿದ ಮೇಲೆ, 1956ರ ಶುದ್ಧವಾಯು ಶಾಸನವು ನಗರದ ಒಲೆಗಳ ಹೊಗೆಗೆ ಕಡಿವಾಣ ಹಾಕಿತು. ಎಷ್ಟೋ ಅಗ್ಗಿಷ್ಟಿಕೆಗಳ ಬಾಯಿಗೆ ಹಲಗೆ ಬಡಿಯಲಾಯಿತು.

ಹಾಗೆ ಮುಚ್ಚಿಹೋದುದನ್ನು ತೆರೆದು ಅಲ್ಲಿ ವಿದ್ಯುತ್ತಿನ ಬೆಂಕಿಯನ್ನಿರಿಸುವುದು ಈಗ ಅನೇಕರ ಅಭಿಲಾಷೆ. ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ತಂತಿಯಲ್ಲಿ ಹರಿಯುವ ವಿದ್ಯುತ್ತು ಶಾಖವಾಗಿ ಪರಿಣಮಿಸಿ ಕೋಣೆಯಲ್ಲಿಯೇ ಉಳಿಯುವುದು ಇದರ ಗುಣ. ಕಣ್ಣಿಗೆ ಕಾಣುವ ಜ್ವಾಲೆ ಕೇವಲ ಬೆಳಕಿನ ಲೀಲೆ: ತಿರುಗುವ ಕನ್ನಡಿಚೂರುಗಳ ಮೇಲೆ ಬಿದ್ದ ದೀಪದ ಕಿರಣಗಳು ತೆರೆಯ ಮೇಲೆ ನರ್ತಿಸುತ್ತವೆ, ಆದುದರಿಂದ ಶಾಖವಿಲ್ಲದೆಯೂ ಜ್ವಾಲೆಯನ್ನು ನೋಡುತ್ತ ಕೂರಬಹುದು.

ಹೊಗೆಯಿಲ್ಲದ ಬೆಂಕಿಗೆ ಚಿಮಣಿ ಏತಕ್ಕೆಂದು ಅದನ್ನು ಮೇಲೂ ಕೆಳಗೂ ಗಾರೆಯಿಂದ ಮುಚ್ಚಿಬಿಡುವವರುಂಟು. ಈ ಕಾರ್ಯದಲ್ಲಿ ಇದಕ್ಕಿಂತ ಹಾನಿಕರವಾದ ಪ್ರಮಾದ ಮತ್ತೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಮಾಡಿನಿಂದ ಮೇಲೆದ್ದು ಮಳೆಗಾಳಿಗಳಿಗೆ ಮೈಯೊಡ್ಡಿ ನಿಂತ ಇಟ್ಟಿಗೆಯ ಕಂಬವು ನೀರನ್ನು ಹೀರುವುದು ಸಹಜ. ಬೆಂಕಿಯ ಬಿಸಿಯೂ ಒಳಗೆ ಹರಿಯುವ ಗಾಳಿಯೂ ಹಿಂದೆ ಅದನ್ನು ಆರಿಸುತ್ತಿದ್ದುವು. ಎರಡು ತುದಿಗಳನ್ನೂ ಮುಚ್ಚಿದಾಗ ಒಳಗಿನ ತೇವ ಹೊರಬೀಳಲು ದಾರಿಯಿಲ್ಲದೆ ಗೋಡೆಗಿಳಿಯುತ್ತದೆ. ದಶಕಗಟ್ಟಲೆ ಕುಳಿತ ಮಸಿಯ ಲವಣಗಳು ಆ ತೇವವನ್ನು ಹಿಡಿದಿಟ್ಟು, ಎಷ್ಟು ಸಲ ಬಣ್ಣ ಬಳಿದರೂ ಮರಳಿ ಮೂಡುವ ಕಂದುಕಲೆಗಳಾಗಿ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಮೊದಲು ಮಸಿಯನ್ನು ಪೂರ್ತಿಯಾಗಿ ಗುಡಿಸಿ ತೆಗೆಸಬೇಕು. ಮೇಲ್ತುದಿಗೆ ಮಳೆಯನ್ನು ತಡೆದು ಗಾಳಿಯನ್ನು ಬಿಡುವ ಟೋಪಿಯಿಡಿಸಬೇಕು. ಕೆಳಗೆ, ಕೋಣೆಯ ಬಿಸಿಗಾಳಿಯೆಲ್ಲ ಸೋರಿಹೋಗದಂತೆ ಬಾಯನ್ನು ತಗಡಿನಿಂದ ಮುಚ್ಚಿದರೂ, ಸಣ್ಣದೊಂದು ಜಾಲಂಧ್ರವನ್ನು ಬಿಡಲೇಬೇಕು. ಬಾಯಿಗೆ ಬಡಿದ ಹಳೆಯ ಹಲಗೆ ಕಲ್ನಾರಿನದಾಗಿರುವ ಸಂಭವವಿರುವುದರಿಂದ, ಪರೀಕ್ಷೆ ಮಾಡಿಸದೆ ಅದನ್ನು ಕೊರೆಯುವುದಾಗಲಿ ಒಡೆಯುವುದಾಗಲಿ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಘಾತಕ.

ಅಳತೆಯ ವಿಷಯ ಸರಳ. ಬ್ರಿಟನ್ನಿನಲ್ಲಿ 16 ಅಂಗುಲ ಅಗಲ, 22 ಅಂಗುಲ ಎತ್ತರದ ಬಾಯಿ ಸಾಮಾನ್ಯವಾದರೂ, ಹಳೆಯ ಅಗ್ಗಿಷ್ಟಿಕೆಗಳು ಒಳಗೆ ಹೋದಂತೆ ಕಿರಿದಾಗುವುದುಂಟಾದ್ದರಿಂದ ಹಿಂಬದಿಯನ್ನೂ ಅಳೆಯತಕ್ಕದ್ದು. ಗೂಡು ಇಕ್ಕಟ್ಟಾದಲ್ಲಿ, ಒಳಗೆ ಹುದುಗಿಸುವ ಪೆಟ್ಟಿಗೆಗಿಂತ ಹಾಸುಗಲ್ಲಿನ ಮೇಲೆ ಸ್ವತಂತ್ರವಾಗಿ ನಿಲ್ಲುವ ಬುಟ್ಟಿಯಾಕಾರದ ಹೀಟರೇ ಲೇಸು. ಅದಕ್ಕಾಗಿ ಪುರಾತನವಾದ ಕಬ್ಬಿಣದ ಕಮಾನನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಶಾಸನರಕ್ಷಿತವಾದ ಕಟ್ಟಡಗಳಲ್ಲಿಯಂತೂ ಅನುಮತಿಯಿಲ್ಲದೆ ಅದನ್ನು ತೆಗೆಯುವುದು ಅಪರಾಧ.

ಎರಡು ಕಿಲೋವಾಟ್ ಹೀಟರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುವುದರಿಂದ ಬ್ರಿಟನ್ನಿನ 13 ಆಂಪಿಯರ್ ಪ್ಲಗ್ಗಿಗೆ ಅದು ಭಾರವಲ್ಲ. ಆದರೆ ಸಾಕೆಟ್ಟು ಬಿಸಿಗಾಳಿ ಹೊರಳುವ ಕಡೆ ಇರದೆ ಪಕ್ಕದಲ್ಲಿ ಕೈಗೆಟಕುವಂತಿರಬೇಕು, ತಂತಿ ಹೀಟರಿನ ಬಾಯಿಯ ಮುಂದೆ ಹಾಯಬಾರದು, ಎಕ್ಸ್‌ಟೆನ್ಷನ್ ಬೋರ್ಡನ್ನಂತೂ ಬಳಸಲೇಬಾರದು. ಗಂಟೆಗೆ ಎರಡು ಯೂನಿಟ್ ಖರ್ಚಾಗುತ್ತದೆ. ಅಲ್ಲಿ ಅಷ್ಟೇ ಶಾಖಕ್ಕೆ ಗ್ಯಾಸಿಗಿಂತ ವಿದ್ಯುತ್ತು ಬಹಳ ದುಬಾರಿಯಾದುದರಿಂದ, ಇಡೀ ಮನೆಗಲ್ಲದೆ ಸಂಜೆಯ ಹೊತ್ತು ಕೂರುವ ಒಂದು ಕೋಣೆಗೆ ಮಾತ್ರ ಇದು ಯೋಗ್ಯ.

ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ಹಳೆಯ ಬಂಗಲೆಗಳಲ್ಲಿಯೂ ಇಂಥ ಅಗ್ಗಿಷ್ಟಿಕೆಗಳುಂಟು. ಮುಂಗಾರಿನ ಜಡಿಮಳೆಯ ಆ ಸೀಮೆಯಲ್ಲಿ ಚಿಮಣಿಯ ಟೋಪಿಗೂ ಕೆಳಗಣ ಜಾಲಂಧ್ರಕ್ಕೂ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು. ಹೀಟರನ್ನು ದೀಪ, ಫ್ಯಾನುಗಳಿಗೆಂದು ಇರುವ ಸಣ್ಣ ಸಾಕೆಟ್ಟಿಗೆ ಸಿಕ್ಕಿಸದೆ, ಅರ್ತಿಂಗ್ ಸರಿಯಾಗಿರುವ 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಬೇಕು.